ಬೇರು ಇಳಿಬಿಟ್ಟ ಜಾಡಿ

ಇನ್ನೊಬ್ಬನ ಪಾಲಿನ ಅನ್ನದ ಪಕ್ಕದಲ್ಲಿ ಕೂತು ಉಣ್ಣುವ ಸಂಕಟ ಉಂಡವನಿಗೇ ಗೊತ್ತು. ದೋಗಿಲ್ ಅದನ್ನು ಹನ್ನೊಂದು ವರ್ಷ ಉಂಡಿದ್ದ. ಸಂಜೆ ಮಡಕೆ ಇಳಿಸಿದ ಕೂಡಲೇ ಗುರುಗಳ ಹೆಂಡತಿ ಅಮ್ಮನವರು ಮೊದಲ ಸೌಟು ಅನ್ನವನ್ನು ಹಿತ್ತಾಳೆ ಬಟ್ಟಲಿಗೆ ಹಾಕಿ, ಮುಚ್ಚಳ ಮುಚ್ಚಿ, ಒಲೆಯ ಕಾವು ನೆಲದಡಿಯಿಂದ ಮೊದಲು ಬಂದು ತಾಗುವ ಮೂಲೆಯಲ್ಲಿ ಹೊದಿಕೆಯೊಳಗೆ ಇಡುತ್ತಿದ್ದರು. ಅದು ಮಗ ಇನ್‌ಪ್ಯೊನ ಪಾಲು. ಹೆತ್ತವಳು ಮನೆಯಲ್ಲಿ ಬಟ್ಟಲು ಬೆಚ್ಚಗಿಟ್ಟರೆ ದೂರ ಹೋದವನು ಎಲ್ಲಿದ್ದರೂ ಹಸಿದಿರುವುದಿಲ್ಲವಂತೆ. ಇನ್‌ಪ್ಯೊ ಬೂಸಾನ್ ಬಂದರಿನಿಂದ ಹಡಗು ಹತ್ತಿ ಯಾವುದೋ ಸಮುದ್ರದಲ್ಲಿ ಮೀನು ಹಿಡಿಯುತ್ತಿದ್ದ. ಹೋದವನು ಇದ್ದೇನೆ ಎಂದು ಒಂದು ಮಾತು ಕಳಿಸಿದವನಲ್ಲ. ಎರಡನೆಯ ಸೌಟು ದೋಗಿಲ್‌ಗೆ. ಬೆಳಿಗ್ಗೆ ಆ ಬಟ್ಟಲಿನ ತಂಗಳೂ ದೋಗಿಲ್‌ಗೇ.

ಅಮ್ಮನವರು ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಿತ್ತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವರು ಅವನ ಹರಿದ ಅಂಗಿ ಹೊಲಿದುಕೊಡುತ್ತಿದ್ದರು, ಜ್ವರ ಬಂದರೆ ರಾತ್ರಿಯಿಡೀ ಹಣೆಗೆ ಒದ್ದೆ ಬಟ್ಟೆ ಇಡುತ್ತಿದ್ದರು. ಇಷ್ಟೆಲ್ಲ ಮಾಡಿ ಕೊನೆಗೆ ನಗುನಗುತ್ತಲೇ ಹೇಳುತ್ತಿದ್ದರು, "ಇನ್‌ಪ್ಯೊ ಬರಲಿ ದೋಗಿಲ್, ಎಲ್ಲಾ ಅವನ ಕೈಗೆ ಒಪ್ಪಿಸಿಬಿಡು. ನಿನಗೂ ಸ್ವಲ್ಪ ಸುಖ ಆಗಲಿ." ಆ ಮಾತು ಕೇಳಿದ ದಿನ ಅವನಿಗೆ ನಿದ್ದೆ ಬರುತ್ತಿರಲಿಲ್ಲ.

ಒಪ್ಪಿಸುವುದಕ್ಕೆ ಇದ್ದದ್ದಾದರೂ ಏನು? ಸೊಲ್‌ಗೊಲ್ ಊರಿನ ಹಿಂದಿನ ಗುಡ್ಡ, ಅದರ ತುಂಬ ಕೆಂಪು ತೊಗಟೆಯ ಪೈನ್ ಮರಗಳು, ಮಧ್ಯದಲ್ಲಿ ಔಷಧಿ ಮಾಡುವ ಒಂದು ಕೊಟ್ಟಿಗೆ. ಯುದ್ಧದಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡು, ಅವರನ್ನು ಎಲ್ಲಿ ಹೂತರೆಂದೂ ಗೊತ್ತಿಲ್ಲದೆ ಬಂದ ಹುಡುಗ ದೋಗಿಲ್‌ನನ್ನು ಗುರು ಗ್ವಾಕ್ ಆ ಕೊಟ್ಟಿಗೆಯಲ್ಲೇ ಬೆಳೆಸಿದರು. ವಸಂತದಲ್ಲಿ ಗಂಡು ಹೂವು ಬಿರಿಯುವ ಮೊದಲೇ ಕಿತ್ತು, ಒಣಗಿಸಿ, ಹಳದಿ ಪುಡಿಯನ್ನು ನೀರಿನಲ್ಲಿ ತೇಲಿಸಿ ತೆಗೆಯುವುದನ್ನು ಕಲಿಸಿದರು. ಕಡಿದ ಮರದ ಬುಡದ ಸುತ್ತ ಕಬ್ಬಿಣದ ಸಲಾಕೆ ಚುಚ್ಚುತ್ತ, ತುದಿಗೆ ಬಿಳಿ ಹಿಟ್ಟು ಅಂಟಿದರೆ ಅಲ್ಲಿ ಬೇರಿನ ಅಣಬೆ ಗಡ್ಡೆ ಕಟ್ಟಿದೆ ಎಂದು ತಿಳಿಯುವುದನ್ನು ಕಲಿಸಿದರು. ತಲೆಸುತ್ತಿಗೆ ಜೇನಿನಲ್ಲಿ ಕಲಸಿದ ಹಳದಿ ಪುಡಿ, ಕಾಲಿನ ಊತಕ್ಕೆ ಗಡ್ಡೆಯ ಕಷಾಯ, ಕುರುವಿಗೆ ಅಂಟು, ರಕ್ತ ತಣ್ಣಗಾದ ಮುದುಕರಿಗೆ ಎಳೆಯ ಸೂಜಿ ಎಲೆ ನೆನೆಸಿದ ಮದ್ಯ. ದಾನ್ಯಾಂಗ್ ಸಂತೆಯ ಮುದುಕಿಯರು ಆಸ್ಪತ್ರೆಯ ಡಾಕ್ಟರನ್ನು ಬಿಟ್ಟರೂ ದೋಗಿಲ್‌ನನ್ನು ಬಿಡುತ್ತಿರಲಿಲ್ಲ. ಇನ್‌ಪ್ಯೊನಿಗೋ, ಹಳದಿ ಪುಡಿ ಹಾರಿದರೆ ಸಾಕು, ಕಣ್ಣು ಮೂಗು ಒಂದೇ ಸಮ ಸುರಿಯುತ್ತಿತ್ತು. ಅಪ್ಪನನ್ನು ಮಣ್ಣು ಮಾಡಿದ ತಿಂಗಳೊಳಗೆ ಸಮುದ್ರಕ್ಕೆ ಓಡಿಹೋದ. ಆದರೂ ಅವನು ಮಗ. ಇವನು ಶಿಷ್ಯ.

ಆ ಶರತ್ಕಾಲದಲ್ಲಿ ಅಮ್ಮನವರ ಮೊಣಕಾಲು ಹಿಡಿದುಕೊಂಡಿತು. ಅಂಗಳ ದಾಟುವುದೇ ಕಷ್ಟ. ಅದಕ್ಕೆ ಒಂದೇ ಔಷಧಿ, ಬೇರಿನ ಜಾಡಿ. ಹಳೆಯ ಪೈನ್ ಮರದ ಬುಡದಲ್ಲಿ ಆಳಕ್ಕೆ ತೋಡಿ, ಜೀವಂತ ಬೇರೊಂದನ್ನು ಹುಡುಕಿ, ಅದರ ತುದಿ ಕತ್ತರಿಸಿ, ಅಂಟಕ್ಕಿ ಅನ್ನ ಹುದುಗು ಹಾಕಿದ ಮಣ್ಣಿನ ಜಾಡಿಯೊಳಗೆ ಇಳಿಬಿಟ್ಟು, ಎಣ್ಣೆ ಕಾಗದ ಕಟ್ಟಿ, ಜೇಡಿ ಮೆತ್ತಿ ಹೂಳಬೇಕು. ಬೇರು ಜಾಡಿಯನ್ನು ಕುಡಿಯುತ್ತದೆ, ಜಾಡಿ ಬೇರನ್ನು ಕುಡಿಯುತ್ತದೆ. ಮೂರು ವರ್ಷ ಯಾರೂ ಮುಟ್ಟಬಾರದು. ಅವಧಿಗೆ ಮೊದಲು ತೆಗೆದರೆ ಔಷಧಿ ಯಾರ ಹೆಸರಿನಲ್ಲಿ ಹೂತದ್ದೋ ಅವರ ಮೇಲೇ ತಿರುಗುತ್ತದೆ ಎಂದು ಆ ಕಣಿವೆಯಲ್ಲಿ ಹಸುಗೂಸಿಗೂ ಗೊತ್ತು. ಕೊಟ್ಟಿಗೆಯ ಹಿಂದಿನ ಹಳೆಯ ಮರದ ಬುಡದಲ್ಲಿ ಅಮ್ಮನವರಿಗೆ ಜಾಡಿ ಹೂಳುತ್ತೇನೆಂದು ದೋಗಿಲ್ ಊರಿಗೆಲ್ಲ ಹೇಳಿದ್ದ. ಗುಂಡಿ ತೋಡಿ ಮುಗಿಸಿ ಕೈ ತೊಳೆಯುತ್ತಿದ್ದಾಗ, ಗುಡ್ಡದ ಮೇಲಿನಿಂದ ಒಬ್ಬ ಇಳಿದು ಬಂದ.

ಗಡ್ಡ ಬಿಟ್ಟಿದ್ದ, ಬಿಸಿಲಿಗೆ ಕರಿದಾಗಿದ್ದ. ನಕ್ಕಾಗ ಮಾತ್ರ ಅದೇ ಹಳೆಯ ಇನ್‌ಪ್ಯೊ. "ಅಣ್ಣಾ" ಎಂದು ಬಂದು ತಬ್ಬಿಕೊಂಡ. ಪ್ಯಾಂಟಿನ ಎರಡೂ ಮೊಣಕಾಲಿಗೆ ಕೆಸರು ಮೆತ್ತಿತ್ತು. ಜಾರಿ ಬಿದ್ದಿರಬೇಕು, ಹಡಗಿನ ಮೇಲೆ ನಡೆದ ಕಾಲು ಬೆಟ್ಟವನ್ನು ಮರೆತಿದೆ ಎಂದುಕೊಂಡ ದೋಗಿಲ್. ಬಸ್ಸು ಬರುವ ರಸ್ತೆ ಬಿಟ್ಟು, ಗುಡ್ಡದ ಆಚೆ ಬದಿಯಿಂದ ಹತ್ತಿ, ಆ ಕಡಿದಾದ ದಾರಿಯಲ್ಲಿ ಬಂದದ್ದು ನೋಡಿದರೆ, ಹನ್ನೊಂದು ವರ್ಷ ತಾಯಿಯನ್ನು ಮರೆತವನಿಗೆ ಊರವರ ಕಣ್ಣಿಗೆ ಬೀಳಲು ನಾಚಿಕೆ ಇರಬೇಕು ಎಂದೂ ಅನ್ನಿಸಿತು.

ಕೊಟ್ಟಿಗೆಯ ಒಲೆಯ ಮುಂದೆ ಕೂತು ಇನ್‌ಪ್ಯೊ ತನ್ನ ಕತೆಯನ್ನೆಲ್ಲ ಹೇಳಿದ. ಬೇಸಗೆಯಲ್ಲಿ ಅವನ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿ, ಅದರಲ್ಲಿದ್ದ ಒಬ್ಬನೂ ಉಳಿದಿರಲಿಲ್ಲ. ಇವನು ಮಾತ್ರ ಜ್ವರ ಹಿಡಿದು ಹಿಂದಿನ ಬಂದರಿನಲ್ಲೇ ಮಲಗಿಬಿಟ್ಟಿದ್ದ. ಇಳಿದದ್ದನ್ನು ನಾಯಕ ಯಾರಿಗೂ ತಿಳಿಸಿರಲಿಲ್ಲ, ತಿಳಿಸಬೇಕಾದ ನಾಯಕನೇ ನೀರಿನಡಿ ಹೋದ. ಹೀಗಾಗಿ ಬೂಸಾನ್ ಬಂದರಿನವರ ಮಟ್ಟಿಗೆ ಇನ್‌ಪ್ಯೊ ಸತ್ತವರಲ್ಲಿ ಒಬ್ಬ. ಮನೆಯ ವಿಳಾಸ ಬರೆಸಿರದ ಕಾರಣ ಆ ಸುದ್ದಿ ಊರಿಗೆ ಬಂದಿರಲಿಲ್ಲ. ಇದನ್ನು ಹೇಳಿ ಅವನು ತೊಡೆ ತಟ್ಟಿಕೊಂಡು ನಕ್ಕ. ದೋಗಿಲ್ ನಗಲಿಲ್ಲ.

"ಊರಲ್ಲಿ ಯಾರಾದ್ರೂ ನೋಡಿದ್ರಾ ನಿನ್ನ?" ಎಂದು ಕೇಳಿದ.

"ಒಂದು ನಾಯೀನೂ ನೋಡಿಲ್ಲ ಅಣ್ಣ. ಬಂದ ಕೂಡ್ಲೆ ಮಾಡಬೇಕಾದ್ದು ಒಂದಿತ್ತು, ಆಯ್ತು. ಇನ್ನು ಅವ್ವನ ಮುಖ ನೋಡೋದೊಂದೇ ಬಾಕಿ. ಈ ಗಡ್ಡದಲ್ಲಿ ಹೋದ್ರೆ ಹೆದರ್ಕೊತಾಳೆ. ಬೆಳಿಗ್ಗೆ ಬೋಳಿಸ್ಕೊಂಡು ಹೋಗ್ತೀನಿ."

ಮದ್ಯದ ಎರಡನೆಯ ಬಟ್ಟಲು ಮುಗಿಯುವ ಹೊತ್ತಿಗೆ ಮಿಕ್ಕದ್ದನ್ನೂ ಹೇಳಿದ. ತಾಯಿಯನ್ನು ಬೂಸಾನಿಗೆ ಕರೆದೊಯ್ಯುತ್ತಾನಂತೆ, ಗುಡ್ಡವನ್ನು ಮರದ ವ್ಯಾಪಾರಿಗೆ ಕೊಡುತ್ತಾನಂತೆ. "ಈ ಸೂಜಿ ಎಲೆ, ಪುಡಿ ಎಲ್ಲಾ ಇನ್ನು ಯಾರಿಗೆ ಬೇಕು ಅಣ್ಣ? ಪಟ್ಟಣದಲ್ಲಿ ಎಲ್ಲದಕ್ಕೂ ಮಾತ್ರೆ ಸಿಗುತ್ತೆ. ನೀನೂ ಬಾ, ಬಂದರಲ್ಲಿ ಏನಾದ್ರೂ ಕೆಲಸ ಕೊಡಿಸ್ತೀನಿ." ಅವನ ಮಾತಿನಲ್ಲಿ ಒಂದಿಷ್ಟೂ ಕೆಡುಕು ಇರಲಿಲ್ಲ. ಒಳ್ಳೆಯತನ ತಾಯಿಯಿಂದಲೇ ಬಂದದ್ದು. ಕೊಡಲಿ ಏಟನ್ನು ಹೂವಿನ ಹಾಗೆ ಹಾಕುವ ಕಲೆಯೂ ಅಲ್ಲಿಂದಲೇ ಬಂದಿತ್ತು.

ದೋಗಿಲ್ ಮೂರನೆಯ ಬಟ್ಟಲು ತುಂಬಿಕೊಟ್ಟು ಯೋಚಿಸಿದ. ಆಶ್ಚರ್ಯವೆಂದರೆ ಅವನಿಗೆ ಕೋಪ ಬರಲಿಲ್ಲ, ಎಲ್ಲವೂ ತಿಳಿನೀರಿನ ಹಾಗೆ ಕಂಡಿತು. ಲೋಕದ ಲೆಕ್ಕದಲ್ಲಿ ಇವನು ಆಗಲೇ ಸತ್ತಿದ್ದಾನೆ. ಬಂದದ್ದು ಯಾರಿಗೂ ಗೊತ್ತಿಲ್ಲ. ಗುಂಡಿ ತೋಡಿದ್ದಾಗಿದೆ, ಯಾಕೆ ತೋಡಿದೆ ಎಂದು ಕೇಳುವವರಿಲ್ಲ. ಅದರ ಮೇಲೆ ಜಾಡಿ ಕೂತರೆ ಮೂರು ವರ್ಷ ಅಲ್ಲಿ ಸಲಿಕೆ ಇಳಿಸುವ ಧೈರ್ಯ ಯಾರಿಗೂ ಇಲ್ಲ. ಆಮೇಲೂ ಅದನ್ನು ಎತ್ತುವವನು ತಾನೇ. ಸತ್ತವನನ್ನು ಕೊಂದರೆ ಅದು ಕೊಲೆ ಹೇಗಾದೀತು? ಹೀಗೆ ಕೇಳಿಕೊಂಡು, ಕೇಳಿಕೊಂಡ ಪ್ರಶ್ನೆ ತನಗೇ ಮೆಚ್ಚಿಗೆಯಾಗಿ, ಅವನು ಎದ್ದು ಪಕ್ಕದ ಕೋಣೆಯಲ್ಲಿ ಹಾಸಿಗೆ ಹಾಸಿದ.

ಮುಂದಿನದು ಹೇಳುವಷ್ಟು ದೊಡ್ಡದಲ್ಲ. ನೆಲದಡಿ ಬೆಂಕಿ ಹರಿಯುವ ನಮ್ಮ ಕಡೆಯ ಮನೆಗಳಲ್ಲಿ ಚಳಿಗಾಲ ಬಂದರೆ ಹೊಗೆ ಕುಡಿದು ಸತ್ತವರ ಸುದ್ದಿ ಸಂತೆಗೊಂದು ಇದ್ದೇ ಇರುತ್ತದೆ. ದೋಗಿಲ್ ಹೊಗೆಗಂಡಿ ಮುಚ್ಚಿದ. ದಣಿದವನು, ಕುಡಿದವನು, ಬೆಚ್ಚಗೆ ಮಲಗಿದವನು ಏಳಲಿಲ್ಲ. ಮಂಜು ಇನ್ನೂ ಕಣಿವೆಯಲ್ಲಿ ಮಲಗಿದ್ದಾಗಲೇ ದೋಗಿಲ್ ಗುಂಡಿಯನ್ನು ಇನ್ನಷ್ಟು ಆಳ ಮಾಡಿ ಅವನನ್ನೂ ಅವನ ಚೀಲವನ್ನೂ ಇಳಿಸಿದ. ಚೀಲದಲ್ಲಿ ತಾಯಿಗೆಂದು ತಂದ ಒಂದು ರೇಡಿಯೊ ಇತ್ತು. ಅದಕ್ಕೆ ಒಂದು ಗಳಿಗೆ ಆಸೆಪಟ್ಟು, ಛೆ, ಇಂಥ ಆಸೆಯಿಂದಲೇ ಪೆದ್ದರು ಸಿಕ್ಕಿಬೀಳುವುದು ಎಂದು ಅದನ್ನೂ ಹಾಕಿದ. ಮಣ್ಣು ತುಂಬಿ ತುಳಿದು, ಮೇಲೆ ಜಾಡಿ ಇಟ್ಟು, ಬೇರಿನ ತುದಿ ಕತ್ತರಿಸಿ ಅದರ ಬಾಯಿಗೆ ಇಳಿಬಿಟ್ಟ. ಜೇಡಿ ಮೆತ್ತಿದ್ದು ಎಂದಿಗಿಂತ ಅಚ್ಚುಕಟ್ಟಾಗಿಯೇ ಬಂತು.

ಮನೆಗೆ ಹೋದಾಗ ಅಮ್ಮನವರು ಅವನ ಉಗುರಿನ ಸಂದಿಯ ಮಣ್ಣು ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. ನನ್ನ ಹಾಳು ಮೊಣಕಾಲಿಗೋಸ್ಕರ ಎಷ್ಟು ಒದ್ದಾಡ್ತೀಯೋ ಎಂದು ಬಿಸಿನೀರು ಕಾಯಿಸಿ, ತಾವೇ ಅವನ ಬೆರಳು ಒಂದೊಂದಾಗಿ ತೊಳೆದರು.

ಅವಸರ ಮಾಡುವುದು ದೋಗಿಲ್‌ನ ಜಾಯಮಾನವಲ್ಲ. ಔಷಧಿ ಮಾಡುವವನಿಗೆ ಕಾಯುವುದೇ ಅರ್ಧ ವಿದ್ಯೆ. ಹಿಮ ಬಿದ್ದು ಗುಡ್ಡದ ಮೇಲಿನ ದಾರಿ ಮುಚ್ಚುವ ತನಕ ಸುಮ್ಮನಿದ್ದ. ಆಮೇಲೆ ಒಂದು ಸಂತೆಯ ದಿನ ಮುಖ ಸಪ್ಪಗೆ ಮಾಡಿಕೊಂಡು ಬಂದು ಅಮ್ಮನವರಿಗೆ ಹೇಳದೆ, ಊರ ಮುಖಂಡ ಯೋಮ್‌ನ ಮನೆಗೆ ಹೋದ. ಯೋಮ್ ಎಂದರೆ ಹಂದಿಮರಿ ಕಳೆದರೂ ನಾಲ್ಕೂರು ಸುತ್ತಿ ವಿಚಾರಿಸುವ ಮನುಷ್ಯ. ಹೆಂಡದ ಅಂಗಡಿಯಲ್ಲಿ ಒಬ್ಬ ಹಡಗಿನವನು ಸಿಕ್ಕಿದ್ದನೆಂದೂ, ಬೇಸಗೆಯಲ್ಲಿ ಇಂಥ ಹಡಗು ಮುಳುಗಿತೆಂದೂ, ಅದರಲ್ಲಿ ಈ ಕಡೆಯ ಇನ್‌ಪ್ಯೊ ಎಂಬವನಿದ್ದನೆಂದು ಹೇಳಿದನೆಂದೂ ದೋಗಿಲ್ ತಡೆತಡೆದು ಹೇಳಿದ. ನಿಜವಿರಲಾರದು, ನೀವೇ ಒಮ್ಮೆ ವಿಚಾರಿಸಿ ಎಂದು ಕೈ ಹಿಡಿದುಕೊಂಡ. ಯೋಮ್ ರೈಲು ಹತ್ತಿ ಬೂಸಾನಿಗೆ ಹೋದ. ಬಂದರಿನವರು ಹೌದೆಂದರು. ಯೋಮ್ ಬಿಳಿಚಿದ ಮುಖ ಹೊತ್ತು ಮರಳಿ ಬಂದು ಅಮ್ಮನವರ ಮುಂದೆ ಕೂತಾಗ, ದೋಗಿಲ್ ಮಾಡಬೇಕಾದ್ದು ಏನೂ ಉಳಿದಿರಲಿಲ್ಲ. ಹಾವೂ ಸತ್ತಿತ್ತು, ಕೋಲೂ ಮುರಿದಿರಲಿಲ್ಲ.

ಅಮ್ಮನವರು ಅಳಲಿಲ್ಲ. ಅಂದು ಸಂಜೆಯೂ ಮೊದಲ ಸೌಟು ಅನ್ನವನ್ನು ಮೂಲೆಯಲ್ಲಿ ಇಟ್ಟರು. ಮರುದಿನವೂ ಇಟ್ಟರು. ನೀರಿನಲ್ಲಿ ಸತ್ತವನ ಜೀವವನ್ನು ನೀರಿನಿಂದ ಎತ್ತದೆ ಅನ್ನ ನಿಲ್ಲಿಸುವುದಿಲ್ಲ ಎಂದರು. ಪಕ್ಕದೂರಿನಿಂದ ದೇವರು ಮೈಮೇಲೆ ಬರುವ ಮುದುಕಿಯನ್ನು ಕರೆಸಿದರು. ಅವಳು ಹಳ್ಳದ ಮಂಜುಗಡ್ಡೆ ಒಡೆಸಿ, ಅನ್ನ ತುಂಬಿದ ಬಟ್ಟಲಿಗೆ ಬಟ್ಟೆ ಬಿಗಿದು, ಹಗ್ಗ ಕಟ್ಟಿ ನೀರಿಗೆ ಇಳಿಬಿಟ್ಟಳು. ಎತ್ತಿದಾಗ ಅನ್ನದಲ್ಲಿ ಒಂದು ಕೂದಲು ಇದ್ದರೆ ಸತ್ತವನು ಬಂದ ಎಂದು ಅರ್ಥ. ಇಳಿಬಿಟ್ಟು ಎತ್ತಿದಳು, ಇರಲಿಲ್ಲ. ಮತ್ತೆ ಎತ್ತಿದಳು, ಆಗಲೂ ಇರಲಿಲ್ಲ. ಮುದುಕಿ ಹಗ್ಗ ಕೈಬಿಟ್ಟು, "ನಿನ್ನ ಮಗ ನೀರಲ್ಲಿಲ್ಲ ತಾಯಿ" ಎಂದಳು. ಊರವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೊಂದೇ ಸಲ ನೋಡೋಣ ಎಂದು ದೋಗಿಲ್ ತಾನೇ ಹಗ್ಗ ಹಿಡಿದ. ಬಟ್ಟಲಿಗೆ ಬಟ್ಟೆ ಬಿಗಿಯುವಾಗ ತನ್ನ ತಲೆಯದೇ ಒಂದು ಕೂದಲನ್ನು ಅನ್ನದಲ್ಲಿ ಇಟ್ಟ. ಎತ್ತಿ ಬಿಚ್ಚಿದಾಗ ಹೆಂಗಸರೆಲ್ಲ ಗೋಳೋ ಎಂದರು. ಅಮ್ಮನವರು ಆ ಕೂದಲನ್ನು ಅಂಗೈಯಲ್ಲಿ ಹಿಡಿದು, ಮುತ್ತಿಟ್ಟು, ಆಮೇಲೆ ಬಾಯಿಬಿಟ್ಟು ಅತ್ತರು. ದೋಗಿಲ್‌ನ ಕೂದಲಿಗೆ ಅದುವರೆಗೆ ಯಾರೂ ಹಾಗೆ ಮುತ್ತಿಟ್ಟಿರಲಿಲ್ಲ. ಅವನೂ ಅತ್ತ, ನಿಜವಾಗಿಯೇ ಅತ್ತ.

ಅಂದಿನಿಂದ ಮೂಲೆಯ ಬಟ್ಟಲು ನಿಂತಿತು. ವರ್ಷದ ಕೊನೆಯ ತಿಂಗಳಲ್ಲಿ ಒಂದು ದಿನ ಅಮ್ಮನವರು ಯೋಮ್‌ನನ್ನು ಸಾಕ್ಷಿಗೆ ಕೂರಿಸಿಕೊಂಡು, ಗಂಡನ ಹೆಸರಿಗೆ ಅನ್ನ ನೀರು ಇಡಲು ಒಬ್ಬ ಬೇಕು, ಇನ್ನು ಮೇಲೆ ನೀನೇ ನನ್ನ ಮಗ ಎಂದರು. ಬೆಚ್ಚನೆಯ ಮೂಲೆಯಲ್ಲಿ ಅವನನ್ನು ಕೂರಿಸಿದರು. ಮೊದಲ ಸೌಟು ಅನ್ನ ಅವನಿಗೆ ಬಂತು. "ಇನ್ನು ಅಮ್ಮನೋರೆ ಅನ್ನಬೇಡ, ಅವ್ವ ಅನ್ನು" ಎಂದರು. ಮೂವತ್ತು ವರ್ಷ ಆಸೆಪಟ್ಟ ಮಾತು ಅದು. ಅವನು ಅವ್ವ ಎಂದ.

ಗೆದ್ದವನಿಗೆ ನಿದ್ದೆ ಬರಬೇಕು. ಬರಲಿಲ್ಲ. ಬೆಚ್ಚನೆಯ ಮೂಲೆ ಎಂದರೆ ನೆಲದಡಿ ಬೆಂಕಿ, ಹೊಗೆ. ಅಲ್ಲಿ ಕಣ್ಣು ಮುಚ್ಚಿದರೆ ಅವನಿಗೆ ಉಸಿರು ಕಟ್ಟುತ್ತಿತ್ತು. ಚಳಿಯಲ್ಲಿ ಕಿಟಕಿ ತೆಗೆದು ಮಲಗುವ ಮಗನನ್ನು ನೋಡಿ ಅಮ್ಮನವರು ಎದ್ದು ಬಂದು ಮುಚ್ಚುತ್ತಿದ್ದರು, ಅವನು ಮತ್ತೆ ತೆಗೆಯುತ್ತಿದ್ದ. ಮೂರು ಕಣಿವೆ ಆಚೆಯ ಮಠದವರು ಕರೆದು, ನಮ್ಮ ಕಾಡಿನಲ್ಲಿ ಔಷಧಿ ಮಾಡು, ಇರಲು ಮನೆ ಕೊಡುತ್ತೇವೆ ಎಂದರು. ಹೋಗಲಾಗಲಿಲ್ಲ. ಆ ಮರವನ್ನು ಬಿಟ್ಟು ಒಂದು ರಾತ್ರಿ ಹೊರಗೆ ಕಳೆಯಲೂ ಧೈರ್ಯ ಬರಲಿಲ್ಲ. ಹಂದಿ ಬುಡ ಕೆದರಿದರೆ? ಮಳೆ ಮಣ್ಣು ಕೊಚ್ಚಿದರೆ? ಸಂತೆಯಲ್ಲಿ ಕೂತಿದ್ದರೂ ಮನಸ್ಸು ಅಲ್ಲೇ ಕಟ್ಟಿದ ಎತ್ತಿನ ಹಾಗೆ ಸುತ್ತುತ್ತಿತ್ತು. ಅಮ್ಮನವರಿಗೋ, ಆ ಜಾಡಿಯೆಂದರೆ ದೇವರು. ಕೋಲೂರಿಕೊಂಡು ನಿಧಾನವಾಗಿ ಕೊಟ್ಟಿಗೆಯ ತನಕ ಬಂದು, ಮರದ ಬುಡ ಸವರಿ, ಕೈ ಮುಗಿದು ಹೋಗುತ್ತಿದ್ದರು. ಮಗ ಹೂತ ಔಷಧಿ ಕುಡಿಯುವ ತನಕ ಸಾಯುವುದಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದರು. ಕೇಳಿದವರು ಅಂಥ ಮಗ ಬೇಕು ಎನ್ನುತ್ತಿದ್ದರು. ದೋಗಿಲ್ ತನ್ನದೇ ಸೂಜಿ ಎಲೆಯ ಮದ್ಯವನ್ನು ಹಗಲು ಹೊತ್ತಿನಲ್ಲೂ ಕುಡಿಯಲು ಶುರುಮಾಡಿದ.

ಆದರೂ ತಪ್ಪು ಎಲ್ಲೂ ಇರಲಿಲ್ಲ. ಮಲಗಿದಲ್ಲೇ ಎಲ್ಲವನ್ನೂ ಮೊದಲಿಂದ ಕೊನೆಯ ತನಕ ಮತ್ತೆ ಮತ್ತೆ ನಡೆಸಿ ನೋಡುತ್ತಿದ್ದ. ಕಂಡವರಿಲ್ಲ, ಕೇಳಿದವರಿಲ್ಲ, ಬಂದರಿನವರೇ ಸತ್ತನೆಂದಿದ್ದಾರೆ, ಹಳ್ಳದ ನೀರೂ ಹೌದೆಂದಿದೆ. ಇನ್ನು ಹೆದರಿಕೆ ಯಾಕೆ ಎಂದು ತನ್ನನ್ನೇ ಗದರಿಸಿಕೊಳ್ಳುತ್ತಿದ್ದ.

ಹಿಮ ಕರಗಿ ತಣ್ಣನ್ನದ ಹಬ್ಬ ಬಂತು. ಒಲೆ ಹೊತ್ತಿಸದೆ, ತಣ್ಣನೆಯ ಅಡುಗೆ ಹೊತ್ತು ಹಿರಿಯರ ಗೋರಿಗೆ ಹೋಗುವ ದಿನ. ಗುರುಗಳ ಗೋರಿ ಗುಡ್ಡದ ನೆತ್ತಿಯಲ್ಲಿ. ಶರತ್ಕಾಲದ ಹುಣ್ಣಿಮೆ ಹಬ್ಬದಲ್ಲಿ ದೋಗಿಲ್ ಹುಲ್ಲು ಕೊಯ್ದು ಬಂದ ಮೇಲೆ ಈ ಮನೆಯಿಂದ ಯಾರೂ ಅಲ್ಲಿಗೆ ಹತ್ತಿರಲಿಲ್ಲ. ಈ ಸಲ ಹೊಸ ಮಗನನ್ನು ಗಂಡನಿಗೆ ತಾವೇ ಒಪ್ಪಿಸಬೇಕು ಎಂದು ಅಮ್ಮನವರು ಹಟ ಹಿಡಿದರು. ಗುಡ್ಡ ಹತ್ತಲಾರದ ತಾಯಿಯನ್ನು ಮಗ ಬೆನ್ನ ಮೇಲೆ ಹೊತ್ತ. ಮುಖಂಡ ಯೋಮ್ ಅಕ್ಕಿ ರೊಟ್ಟಿ, ಹಣ್ಣು, ಒಣಮೀನು, ಹೆಂಡದ ಸೀಸೆ ಇದ್ದ ಬುಟ್ಟಿ ಹಿಡಿದು ಹಿಂದೆ ಬಂದ. ಕೊಟ್ಟಿಗೆ ದಾಟಿ, ಹಳೆಯ ಮರ ದಾಟಿ, ಆ ಕಡಿದಾದ ದಾರಿಯಲ್ಲಿ ಏದುಸಿರು ಬಿಡುತ್ತ ಹತ್ತುವಾಗ ಅಮ್ಮನವರು ಅವನ ಕಿವಿಯ ಹಿಂದಿನ ಬೆವರನ್ನು ತಮ್ಮ ತೋಳಿನಿಂದ ಒರೆಸುತ್ತಿದ್ದರು. ತಿಂಗಳುಗಳ ಮೇಲೆ ಅವನಿಗೆ ಮೊದಲ ಸಲ ಮನಸ್ಸು ಹಗುರಾಯಿತು. ತನಗೂ ಬಗ್ಗಿ ನಮಸ್ಕರಿಸಲು ಒಂದು ಗೋರಿ ಸಿಕ್ಕಿತು ಎಂದುಕೊಂಡ.

ಗೋರಿಯ ಮುಂದಿನ ಕಲ್ಲು ಹಾಸಿನ ಮೇಲೆ ಒಂದು ಸೀಸೆ ನಿಂತಿತ್ತು.

ಸೋಜು ಸಾರಾಯಿಯ ಸಾಮಾನ್ಯ ಸೀಸೆ. ಅರ್ಧ ಖಾಲಿ, ಬಾಯಿಗೆ ಬಟ್ಟೆ ಸುತ್ತಿದ ಬೆಂಡು. ಕಲ್ಲಿನ ಮುಂದಿನ ನೆಲದಲ್ಲಿ ಹುಲ್ಲು ಎರಡು ಕಡೆ ಒತ್ತಿ ಹೋಗಿ, ಮಣ್ಣು ಗುಳಿಬಿದ್ದು ಹಾಗೇ ಗಟ್ಟಿಯಾಗಿತ್ತು. ಎರಡು ಮೊಣಕಾಲು ಊರಿದಷ್ಟು ಅಂತರ. ದೋಗಿಲ್‌ಗೆ ಆ ಕ್ಷಣವೇ ಎಲ್ಲವೂ ತಿಳಿಯಿತು. ಊರಿಗೆ ಮರಳಿದ ಮಗ ಮನೆಗೆ ಹೋಗುವ ಮೊದಲು ಅಪ್ಪನ ಗೋರಿಗೆ ಹೋಗುತ್ತಾನೆ. ಬೆಟ್ಟದ ದಾರಿ ಹಿಡಿದದ್ದು ನಾಚಿಕೆಗಲ್ಲ. ಅಪ್ಪ ಅಮ್ಮನ ಗೋರಿ ಎಲ್ಲಿದೆಯೆಂದೂ ಗೊತ್ತಿಲ್ಲದವನಿಗೆ ಇದು ಹೊಳೆಯುವುದಾದರೂ ಹೇಗೆ?

"ಇದ್ಯಾರಪ್ಪ ಇಟ್ಟಿದ್ದು?" ಎಂದ ಯೋಮ್.

ಕಾಲ ಕೆಳಗಿನ ನೆಲ ಜಾರಿದರೂ ದೋಗಿಲ್‌ನ ಬುದ್ಧಿ ಜಾರಲಿಲ್ಲ. ಇಂಥ ಗಳಿಗೆಯಲ್ಲಿ ತಡವರಿಸುವವನು ಕೆಡುತ್ತಾನೆ. ಅಮ್ಮನವರನ್ನು ಮೆಲ್ಲಗೆ ಇಳಿಸಿ, ಸ್ವಲ್ಪ ನಾಚಿದವನ ಹಾಗೆ ತಲೆ ತಗ್ಗಿಸಿ, "ನಾನೇ ಅವ್ವ" ಎಂದ. "ಹಿಮ ಬೀಳೋ ಮುಂಚೆ ಒಂದಿನ ಗುರುಗಳ ನೆನಪು ಬಹಳ ಆಯ್ತು. ಒಬ್ಬನೇ ಬಂದು ಒಂದು ಬಟ್ಟಲು ಸೋಜು ಎರೆದು, ಕೈ ಮುಗಿದು ಹೋದೆ. ಹೇಳ್ಕೊಳ್ಳೋಕೆ ಏನಿದೆ ಅಂತ ಹೇಳ್ಲಿಲ್ಲ." ಯೋಮ್‌ನ ಮುಖ ಮೆತ್ತಗಾಯಿತು. ಅಮ್ಮನವರ ಕಣ್ಣು ತುಂಬಿತು. ಗೆದ್ದೆ ಎಂದುಕೊಂಡ ದೋಗಿಲ್. ಈ ಸೀಸೆಯಿಂದ ತನ್ನ ಬೆಲೆ ಇಳಿಯುವ ಬದಲು ಏರಿತು ಎಂದೂ ಅನ್ನಿಸಿತು.

ಹೊಸ ಹೆಂಡ ಎರೆದರು, ತಂದ ಅಡುಗೆ ಇಟ್ಟರು, ದೋಗಿಲ್ ಹಣೆ ನೆಲಕ್ಕೆ ತಾಗುವ ಹಾಗೆ ನಮಸ್ಕರಿಸಿದ. ಹಿರಿಯರಿಗೆ ಇಟ್ಟದ್ದನ್ನು ಉಳಿದವರು ಹಂಚಿಕೊಂಡು ಕುಡಿಯಬೇಕು, ಅದರಲ್ಲೇ ಅವರ ಆಶೀರ್ವಾದ ಇರುತ್ತದೆ. ಯೋಮ್ ಹೊಸ ಸೀಸೆಗೆ ಕೈ ಹಾಕಿದ. ಅಮ್ಮನವರು ತಡೆದರು. ಮಗ ಯಾರಿಗೂ ಹೇಳದೆ ತಂದಿಟ್ಟದ್ದು ಇದೆಯಲ್ಲ, ಮೊದಲು ಅದನ್ನೇ ಕುಡಿಯಬೇಕು ಎಂದು ಬೆಂಡು ಕಿತ್ತು, ಬಟ್ಟಲಿಗೆ ಬಗ್ಗಿಸಿಕೊಂಡರು.

ಒಂದು ಗುಟುಕು ಬಾಯಲ್ಲಿ ಹಿಡಿದು ಅವರು ಹಾಗೇ ಕೂತುಬಿಟ್ಟರು. ಉಗುಳಲಿಲ್ಲ, ಮುಖ ಕಿವುಚಲಿಲ್ಲ, ನುಂಗಿದರು. ಬಟ್ಟಲನ್ನು ಯೋಮ್‌ಗೆ ಕೊಟ್ಟರು. ಯೋಮ್ ನಾಲಿಗೆಗೆ ತಾಗಿಸಿ ಥೂ ಎಂದು ಉಗಿದ, "ಇದೇನು ಬರೀ ಉಪ್ಪು ನೀರು" ಎಂದ. ಅಮ್ಮನವರು ಗೋರಿಯ ಕಡೆಗೇ ನೋಡುತ್ತ ನಿಧಾನವಾಗಿ ಹೇಳಿದರು, "ಸಮುದ್ರದ ನೀರು. ಇವರು ಸಾಯೋ ದಿನ ಒಂದೇ ಮಾತು ಅಂದಿದ್ದು. ಹುಟ್ಟಿದ್ದು ಬೆಟ್ಟದಲ್ಲಿ, ಸಾಯ್ತಿರೋದೂ ಬೆಟ್ಟದಲ್ಲಿ, ಸಮುದ್ರ ಉಪ್ಪಂತೆ, ಒಂದು ಹನಿ ನಾಲಿಗೆಗೆ ಬೀಳಲಿಲ್ಲ ಅಂತ. ಅಪ್ಪ, ನಾನು ತಂದ್ಕೊಡ್ತೀನಿ ಅಂದ ನನ್ನ ಮಗ. ಆಗ ಆ ಕೋಣೇಲಿ ನಾವು ಮೂರೇ ಜನ ಇದ್ದಿದ್ದು." ಆಮೇಲೆ ತಿರುಗಿ ಅವನನ್ನು ನೋಡಿದರು. "ಇದನ್ನ ನಾನೇ ಇಟ್ಟೆ ಅಂತ ಯಾಕಂದೆ ದೋಗಿಲ್? ನನ್ನ ಮಗ ಇಲ್ಲಿತನಕ ಬಂದಿದ್ದ. ಇಲ್ಲಿಂದ ಇಳಿದು ಎಲ್ಲಿಗೆ ಹೋದ?" ಯೋಮ್ ಅಷ್ಟರಲ್ಲಿ ಎದ್ದು ನಿಂತು ಕೆಳಗೆ ನೋಡುತ್ತಿದ್ದ. ನೆತ್ತಿಯಿಂದ ಊರಿಗೆ ಇಳಿಯಲು ಇದ್ದದ್ದು ಒಂದೇ ಕಾಲುದಾರಿ, ಅದು ನೇರವಾಗಿ ಕೊಟ್ಟಿಗೆಯ ಹಿಂದಿನ ಹಳೆಯ ಪೈನ್ ಮರದ ಬುಡಕ್ಕೆ ಹೋಗುತ್ತಿತ್ತು.